ಚಿಗಳವ್ವ ಎಂಬ ಪದ ಹುಡುಕಿದ ಮಧ್ಯಾಹ್ನ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಓದುತ್ತಿದ್ದೆ, ಆದರೆ ನಂಬುತ್ತಿರಲಿಲ್ಲ. ಬರೆದವರು ಸುಳ್ಳು ಹೇಳುತ್ತಿದ್ದಾರೆ ಅನಿಸುತ್ತಿರಲಿಲ್ಲ. ಪಾಪ, ಎಲ್ಲೋ ಏನೋ ತಪ್ಪಾಗಿ ಕಂಡಿರಬೇಕು, ಆಮೇಲೆ ಹೇಳುತ್ತ ಹೇಳುತ್ತ ಅದು ಬೆಳೆದಿರಬೇಕು ಎಂದುಕೊಂಡು ಪುಟ ತಿರುವುತ್ತಿದ್ದೆ. ಈಗ ನನ್ನದನ್ನು ಓದುವವರೂ ಹಾಗೆಯೇ ಅಂದುಕೊಳ್ಳಬಹುದು. ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಲು ನೋಡುತ್ತೇನೆ.

ನನ್ನ ಕಸುಬಿನ ಬಗ್ಗೆ ಮೊದಲು ಸ್ವಲ್ಪ ಹೇಳಬೇಕು, ಏಕೆಂದರೆ ನಡೆದದ್ದು ಅದರೊಳಗೇ. ನಾನು ಹೈದರಾಬಾದಿನಲ್ಲಿ ಕೋಡ್ ಬರೆದು ಬದುಕುವವನು. ಮನೆ ಲಿಂಗಂಪಲ್ಲಿಯಲ್ಲಿ. ಈ ಕಸುಬಿನಲ್ಲಿ ಒಂದು ಒಳ್ಳೆಯ ರೂಢಿಯಿದೆ. ಲೋಕದ ಎಷ್ಟೋ ಜನ ತಾವು ಬರೆದ ಕೋಡನ್ನು ಬೀಗ ಹಾಕಿಡದೆ, ಯಾರು ಬೇಕಾದರೂ ನೋಡಲಿ, ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ತೆರೆದಿಡುತ್ತಾರೆ. ಇದಕ್ಕೇ ಓಪನ್ ಸೋರ್ಸ್ ಎನ್ನುವುದು. ಒಬ್ಬೊಬ್ಬರ ಒಂದೊಂದು ಕೆಲಸದ ಕಡತಗಳ ಗಂಟಿಗೆ ನಾವು ರೆಪೊ ಎನ್ನುತ್ತೇವೆ. ಒಂದು ಪದ ಕೊಟ್ಟರೆ, ಆ ಎಲ್ಲ ರೆಪೊಗಳಲ್ಲಿ ಅದು ಎಲ್ಲೆಲ್ಲಿದೆ ಎಂದು ಹುಡುಕಿ, ಪದಕ್ಕೆ ಹಳದಿ ಬಣ್ಣ ಬಳಿದು ತೋರಿಸುವ ವ್ಯವಸ್ಥೆಯೂ ಇದೆ. ಬೆಳಗಿನಿಂದ ಸಂಜೆಯವರೆಗೆ ನಾನು ಮಾಡುವುದು ಬಹಳಷ್ಟು ಇದೇ ಹುಡುಕಾಟ. ಬರೆದದ್ದು ಇದ್ದರೆ ಸಿಗುತ್ತದೆ. ಬರೆಯದೇ ಇದ್ದದ್ದು ಸಿಗುವುದಿಲ್ಲ. ಇದರಲ್ಲಿ ನಂಬುವ, ಬಿಡುವ ಮಾತೇ ಇಲ್ಲ ಎಂದುಕೊಂಡಿದ್ದೆ.

ನನ್ನ ಅಕ್ಕ ಗೌರಮ್ಮ ದಿಲ್‌ಸುಖ್‌ನಗರದಲ್ಲಿ ಖಾನಾವಳಿ ನಡೆಸುತ್ತಾಳೆ. ನಮ್ಮದು ಬಾಗಲಕೋಟೆ ಕಡೆಯ ಮನೆತನ. ಭಾವ ಇದ್ದಾಗ ಅಕ್ಕ ಈ ಊರಿಗೆ ಬಂದಳು; ಅವರು ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮೇಜು ಹಾಕಿ ಊಟಕ್ಕೆ ಇಡತೊಡಗಿದಳು. ಅಲ್ಲಿ ಕೋಚಿಂಗ್ ಸೆಂಟರುಗಳು ಬಹಳ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಹುಡುಗ ಹುಡುಗಿಯರು ಪರೀಕ್ಷೆಗೆ ಓದಲು ಬಂದವರು, ಇಲ್ಲಿಯವರು ಪಪ್ಪು ಎನ್ನುವ ಬೇಳೆಯ ಜೊತೆ ದಿನವೂ ಅನ್ನ ಉಂಡು ಬೇಜಾರಾದವರು, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುತ್ತದೆಂದು ಹುಡುಕಿಕೊಂಡು ಬರುತ್ತಿದ್ದರು. ರೊಟ್ಟಿ ಎಷ್ಟು ಹೆಸರಾಗಿತ್ತೋ ಅಕ್ಕನ ದನಿಯೂ ಅಷ್ಟೇ ಹೆಸರಾಗಿತ್ತು. ಒಲೆಯ ಮುಂದೆ ಕುಳಿತಲ್ಲಿಂದಲೇ ಎಲ್ಲರನ್ನೂ ಮಾತಾಡಿಸುವಳು. "ಯಾಕೋ ತಮ್ಮಾ, ಮಾರಿ ಸಣ್ಣ ಮಾಡಿ? ಊರಿಂದ ಫೋನ್ ಬರಲಿಲ್ಲೇನ?" "ಯವ್ವಾ, ಇನ್ನೊಂದ ಅರ್ಧ ರೊಟ್ಟಿ ಹಾಕ್ಕೋ, ಏನೂ ಆಗಂಗಿಲ್ಲ." ಯಾರನ್ನಾದರೂ ಕರೆಯುವ ಮುಂಚೆ ನಾಲಿಗೆಯಿಂದ ಒಂದು ಸಣ್ಣ ಲೊಚಗುಟ್ಟುವ ಸದ್ದು ಮಾಡುವುದು ಅವಳ ಅಭ್ಯಾಸ. ಚಿಕ್ಕಂದಿನಿಂದ ನಾನು ಆ ಸದ್ದು ಕೇಳಿಯೇ ತಿರುಗುತ್ತಿದ್ದೆ, ಹೆಸರು ಕೇಳಿ ಅಲ್ಲ.

ಆಮೇಲೆ ಅವಳ ಗಂಟಲಲ್ಲಿ ಗಡ್ಡೆಯಾಯಿತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆ ತೆಗೆಯಬೇಕು ಎಂದರು ಡಾಕ್ಟರು. ತೆಗೆದರು. ಉಸಿರಾಡಲು ಕತ್ತಿನ ಮುಂಭಾಗದಲ್ಲಿ ಒಂದು ತೂತು ಉಳಿಯಿತು. ಅದರ ಮೇಲೆ ಅಕ್ಕ ತೆಳ್ಳನೆಯ ಹತ್ತಿ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಆಪರೇಷನ್ ಆದಾಗ ಅವಳ ಮಗಳು ಸುಮಾ ಬಸುರಿ. ಮಗು ಹುಟ್ಟುವ ಹೊತ್ತಿಗೆ ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದು, ಬರೆದು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಮಕ್ಕಳ ಪ್ಲಾಸ್ಟಿಕ್ ಪಾಟಿಯೊಂದು ಯಾವಾಗಲೂ ಸೊಂಟದ ಹತ್ತಿರ ಇರುತ್ತಿತ್ತು. ಮೊಮ್ಮಗಳನ್ನು ಮೊದಲ ಸಲ ಮಡಿಲಿಗೆ ಹಾಕಿದಾಗ ಬಹಳ ಹೊತ್ತು ನೋಡಿ ಪಾಟಿಯ ಮೇಲೆ 'ಚಿಗಳವ್ವ' ಎಂದು ಬರೆದಳು. ಪಂಚಮಿಗೆ ಎಳ್ಳು ಬೆಲ್ಲ ಕುಟ್ಟಿ ಕಟ್ಟುವ ಉಂಡೆಗೆ ನಮ್ಮ ಕಡೆ ಚಿಗಳಿ ಎನ್ನುತ್ತಾರೆ. ಕೂಸು ಹಾಗೇ ಇತ್ತು, ಕಂದು ಬಣ್ಣ, ಗುಂಡಗೆ, ಕೆನ್ನೆಯ ಮೇಲೆ ಎಳ್ಳಿನಂಥ ಎರಡು ಮಚ್ಚೆ. ತೊಟ್ಟಿಲ ಹೆಸರು ಆರಾಧ್ಯಾ. ಮನೆಯಲ್ಲಿ ಎಲ್ಲರೂ ಕರೆದದ್ದು ಚಿಗಳವ್ವ ಎಂದೇ. ಆ ಹೆಸರನ್ನು ಹುಟ್ಟಿಸಿದವಳೊಬ್ಬಳು ಮಾತ್ರ ಬಾಯಿಬಿಟ್ಟು ಕರೆಯುವಂತಿರಲಿಲ್ಲ.

ಅದಕ್ಕಿಂತ ದೊಡ್ಡ ಸಂಕಟ ಮುಂದೆ ಬಂತು. ತಿಳಿವಳಿಕೆ ಬಂದಂತೆ ಮಗು ಅಜ್ಜಿಗೆ ಹೆದರತೊಡಗಿತು. ಅಕ್ಕನ ಕತ್ತಿನಿಂದ ಉಸಿರು ಬರುವಾಗ ಸಣ್ಣಗೆ ಸಿಳ್ಳೆಯಂಥ ಸದ್ದಾಗುತ್ತದೆ. ಕೆಮ್ಮು ಬಂದರೆ ಬಟ್ಟೆ ಹಾರುತ್ತದೆ. ದೊಡ್ಡವರಾದ ನಮಗೇ ಅದು ರೂಢಿಯಾಗಲು ದಿನಗಳು ಹಿಡಿದವು. ಮಗು ಅವಳು ಕೈ ಚಾಚಿದರೆ ತಾಯಿಯ ಸೆರಗಿನ ಹಿಂದೆ ಸೇರುತ್ತಿತ್ತು. ಅಕ್ಕ ಒತ್ತಾಯ ಮಾಡಲಿಲ್ಲ. ಕ್ರಮೇಣ ಮಗು ಇರುವ ಕೋಣೆಗೆ ಹೋಗುವುದನ್ನೇ ಕಡಿಮೆ ಮಾಡಿದಳು. ಮಗು ಊಟಕ್ಕೆ ಕೂತಿದ್ದರೆ ತಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನೋಡುವಳು. ಒಮ್ಮೆ ನಾನು ಅದನ್ನು ಕಂಡೆ. ಕಂಡದ್ದು ಅವಳಿಗೆ ಗೊತ್ತಾಗದಿರಲೆಂದು ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದೆ.

ನಾನು ಮಾಡಬಹುದಾದದ್ದು ಒಂದೇ ಇತ್ತು. ಬರೆದದ್ದನ್ನು ಓದಿ ಹೇಳುವ ಕನ್ನಡ ಆ್ಯಪ್ ಒಂದನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಓಪನ್ ಸೋರ್ಸ್ ಆದ್ದರಿಂದ ನಮ್ಮ ಮಾತಿಗೆ ತಕ್ಕಂತೆ ಅಲ್ಲಲ್ಲಿ ತಿದ್ದಿದೆ. ಅಕ್ಕ ಒಂದು ಸಲ ಕೇಳಿ ಪಾಟಿಯ ಮೇಲೆ ಬರೆದಳು: 'ಇಕಿ ಯಾರೋ ಟೀವ್ಯಾಗ ಸುದ್ದಿ ಓದಾಕಿ. ನಾ ಅಲ್ಲ.' ಬರೆದು ನಕ್ಕಳು, ಸದ್ದಿಲ್ಲದೆ. ಆಮೇಲೆ ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಬಿಟ್ಟಳು.

"ಮಾಮಾ, ಅವ್ವ ಅದನ್ನ ಮುಟ್ಟಂಗಿಲ್ಲ," ಎಂದಳು ಸುಮಾ ಒಂದು ಭಾನುವಾರ. "ಕೂಸಿನ ಹೆಸರು ಸುದ್ದಾ ಸರಿಯಾಗಿ ಅನ್ನಂಗಿಲ್ಲ ಅದು. ಚಿಗಲವ್ವ ಅಂತೈತಿ. ಅಷ್ಟರ ಸರಿ ಮಾಡಿಕೊಡ್ರಿ, ಆಮೇಲೆ ನೋಡೂಣು."

ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಮೇಜುಗಳನ್ನು ಒರೆಸಿಯಾಗಿತ್ತು. ನಾನು ಒಂದು ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಪಕ್ಕದಲ್ಲಿ ಸುಮಾ. ಅಕ್ಕ ಸ್ವಲ್ಪ ದೂರ, ಗೋಡೆಗೆ ಒರಗಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಮಗು ಹೊರಗಿನ ಓಣಿಯಂಥ ಜಾಗದಲ್ಲಿ ಗೊಂಬೆಗೆ ಸೀರೆ ಉಡಿಸುತ್ತ ತನ್ನಷ್ಟಕ್ಕೆ ತಾನು ಮಾತಾಡುತ್ತಿತ್ತು, ಅರ್ಧ ಕನ್ನಡ, ಅರ್ಧ ತೆಲುಗು.

ಇಂಥ ಪದಗಳಿಗೆ ಬೇರೆಯವರು ಏನು ಮಾಡಿದ್ದಾರೆ ನೋಡೋಣ ಎಂದು ನಾನು ತೆರೆದ ರೆಪೊಗಳಲ್ಲಿ ಹುಡುಕಲು ಹೊರಟೆ. 'ಅವ್ವ' ಎಂದು ಕೊಟ್ಟರೆ ರಾಶಿ ರಾಶಿ ಬಂದವು. 'ಚಿಗಳಿ' ಎಂದರೆ ಯಾವುದೋ ತಿಂಡಿಗಳ ಹೆಸರಿನ ಕಡತ ಒಂದು ಬಂತು. ಆಮೇಲೆ, ಸಿಗುವುದಿಲ್ಲವೆಂದು ಗೊತ್ತಿದ್ದೂ, ಪೂರ್ತಿ ಹೆಸರನ್ನೇ ಬರೆದೆ. ಚಿಗಳವ್ವ.

ಒಂದು ಸಿಕ್ಕಿತು.

ಕೆಲವು ವಿದ್ಯಾರ್ಥಿಗಳು ಸೇರಿ ಮಾಡಿದ ರೆಪೊ ಅದು. ಕಂಪ್ಯೂಟರಿಗೆ ಕನ್ನಡ ಕಲಿಸಲೆಂದು ಬೇರೆ ಬೇರೆ ಜನರಿಂದ ವಾಕ್ಯಗಳನ್ನು ಓದಿಸಿ, ಆ ದನಿಗಳನ್ನು ಕೂಡಿಟ್ಟಿದ್ದರು. ಪ್ರತಿ ದನಿಯ ಕಡತಕ್ಕೂ ಎದುರಾಗಿ ಅದರ ವಾಕ್ಯವನ್ನು ಬರೆದ ಒಂದು ಕಡತ. ನನಗೆ ಕಂಡ ಸಾಲು ಹೀಗಿತ್ತು: 'ಚಿಗಳವ್ವಾ, ಕೈ ತೊಳಕೊಂಡ ಬಾರವ್ವಾ, ಬಿಸಿ ರೊಟ್ಟಿ ಐತಿ.' ಮೊದಲ ಪದಕ್ಕೆ ಹಳದಿ ಬಣ್ಣ.

"ಅಯ್ಯ, ಇದೇನ್ರಿ ಮಾಮಾ?" ಎಂದಳು ಸುಮಾ. ನಮ್ಮ ಹಾಗೆಯೇ ಇನ್ನಾರದೋ ಮನೆಯಲ್ಲಿ ಇನ್ನೊಬ್ಬ ಚಿಗಳವ್ವ ಇದ್ದಾಳೆ ಎಂದು ನನಗೆ ನಗುವೇ ಬಂತು. ದನಿ ಹೇಗಿದೆ ನೋಡೋಣ, ಉಚ್ಚಾರಕ್ಕೆ ಬಳಸಬಹುದು ಎಂದು ಆ ಕಡತ ಇಳಿಸಿಕೊಂಡು ಒತ್ತಿದೆ.

ಮೊದಲು ನಾಲಿಗೆ ಲೊಚಗುಟ್ಟಿದ ಸದ್ದು. ಆಮೇಲೆ ಅಕ್ಕನ ದನಿ. "ಚಿಗಳವ್ವಾ, ಕೈ ತೊಳಕೊಂಡ ಬಾರವ್ವಾ, ಬಿಸಿ ರೊಟ್ಟಿ ಐತಿ."

ಆಗ ನನಗೆ ಏನನ್ನಿಸಿತು ಎಂದು ಬಣ್ಣಿಸುವುದು ಕಷ್ಟ. ಹೆದರಿಕೆಯಲ್ಲ. ಬಹಳ ದಿನ ಕಾಣದ ಹತ್ತಿರದವರು ಬಾಗಿಲಲ್ಲಿ ಬಂದು ನಿಂತಾಗ ಎದೆಯಲ್ಲಿ ಏನಾಗುತ್ತದೋ ಅದು. ಸುಮಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕನ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ನಿಂತಿತ್ತು. ಅವಳು ನನ್ನನ್ನು ನೋಡಲಿಲ್ಲ, ಲ್ಯಾಪ್‌ಟಾಪನ್ನೂ ನೋಡಲಿಲ್ಲ. ತನ್ನ ಕತ್ತಿನ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

ಹೊರಗೆ ನಲ್ಲಿಯ ಸದ್ದಾಯಿತು. ಮರುಗಳಿಗೆ ಮಗು ಓಡಿಬಂತು, ಎರಡೂ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ದನಿ ಬಂದದ್ದು ನನ್ನ ಮುಂದಿನ ಲ್ಯಾಪ್‌ಟಾಪಿನಿಂದ. ಮಗು ನನ್ನ ಮುಂದೆಯೇ ಹಾದು ಹೋಯಿತು, ಅತ್ತ ತಿರುಗಿಯೂ ನೋಡಲಿಲ್ಲ. ನೇರ ಅಕ್ಕನ ಮುಂದೆ ಹೋಗಿ ನಿಂತು ಒದ್ದೆ ಕೈ ತೋರಿಸಿತು.

"ಆಯಿ, ತೊಳಕೊಂಡ್ನಿ ನೋಡು. ರೊಟ್ಟಿ ಎಲ್ಲೈತಿ?"

ಆ ಮಗು ಅಜ್ಜಿಯ ದನಿಯನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅದು ಅವಳ ದನಿ ಎಂದು ನಾವು ಯಾರೂ ಹೇಳಿರಲೂ ಇಲ್ಲ. ಹೇಳುವಷ್ಟು ಹೊತ್ತೇ ಇರಲಿಲ್ಲ. ಅಕ್ಕ ಖಾರ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಎದ್ದಳು. ಒಲೆ ಆರಿಸಿಯಾಗಿತ್ತು. ಮತ್ತೆ ಹಚ್ಚಿದಳು. ಉಳಿದ ಹಿಟ್ಟಿನ ಮುದ್ದೆ ತೆಗೆದು ಒಂದು ಸಣ್ಣ ರೊಟ್ಟಿ ಬಡಿದಳು. ಮಗು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹಂಚಿನ ಮೇಲೆ ರೊಟ್ಟಿ ಉಬ್ಬುವುದನ್ನೇ ನೋಡುತ್ತಿತ್ತು. ಅಕ್ಕನ ಉಸಿರು ಎಂದಿಗಿಂತ ಜೋರಾಗಿ ಸಿಳ್ಳೆ ಹಾಕುತ್ತಿತ್ತು, ಅವಳು ಅಳುತ್ತಿದ್ದುದರಿಂದ. ಮಗು ಹೆದರಲಿಲ್ಲ. ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಬಗ್ಗಿ ನೋಡಿ, ಬಟ್ಟೆಯ ಮೇಲೆ ಒದ್ದೆ ಬೆರಳಿಟ್ಟು, "ನೋವಾಗತೈತೇನ?" ಎಂದು ಕೇಳಿತು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

ನಾನು ಮತ್ತು ಸುಮಾ ಅಲ್ಲೇ ಕೂತಿದ್ದೆವು.  

ಇಲ್ಲಿಯವರೆಗಿನದಕ್ಕೆ ವಿವರಣೆ ಹೊಂದಿಸಬಹುದು. ನಾನೂ ಅದೇ ಸಂಜೆ ಹೊಂದಿಸಲು ಕೂತೆ. ಖಾನಾವಳಿಗೆ ಬರುತ್ತಿದ್ದ ಓದುವ ಹುಡುಗರಲ್ಲಿ ಯಾರೋ ಒಬ್ಬ ಹಿಂದೆಂದೋ ಅಕ್ಕನಿಂದ ಒಂದು ವಾಕ್ಯ ಓದಿಸಿ ಫೋನಿನಲ್ಲಿ ಹಿಡಿದು ಆ ವಿದ್ಯಾರ್ಥಿಗಳಿಗೆ ಕಳಿಸಿರಬೇಕು. ಕೇಳಿದರೆ ಅಕ್ಕ ಪಾಟಿಯ ಮೇಲೆ ಬರೆದಳು: 'ನೆನಪಿಲ್ಲ. ಹುಡುಗರು ಏನೇನೋ ಮಾಡತಿದ್ರು. ಮಾಡಿದ್ರೂ ಮಾಡಿರಬೇಕು.' ಸರಿ. ಆದರೆ ಹೆಸರು? ಆ ದನಿ ರೆಪೊದೊಳಗೆ ಸೇರಿದ್ದು ಆಪರೇಷನ್ನಿಗೆ ಬಹಳ ಮುಂಚೆ ಎಂದು ಅಲ್ಲಿಯ ತಾರೀಖು ಹೇಳುತ್ತಿತ್ತು. ಆಗ ಸುಮಾಳ ಮದುವೆಯೇ ಆಗಿರಲಿಲ್ಲ. ಆ ಹೆಸರನ್ನು ಮೊದಲೇ ಯೋಚಿಸಿಟ್ಟಿದ್ದೆಯಾ, ಇನ್ನಾರನ್ನಾದರೂ ಹಾಗೆ ಕರೆಯುತ್ತಿದ್ದೆಯಾ ಎಂದು ಅಕ್ಕನನ್ನು ಕೇಳಿದೆ. ಅವಳು ನನ್ನನ್ನು ಪೆದ್ದನನ್ನು ನೋಡಿದ ಹಾಗೆ ನೋಡಿ ಬರೆದಳು: 'ಕೂಸಿನ ಮಾರಿ ನೋಡಿದ ಮ್ಯಾಲೆ ಹೊಳದದ್ದು. ಮೊದಲ ಹೆಂಗ ಗೊತ್ತಿರತೈತಿ?'

ಮನೆಗೆ ಬಂದು ಮತ್ತೆ ಆ ಪದವನ್ನು ಹುಡುಕಿದೆ. ಏನೂ ಸಿಗಲಿಲ್ಲ. ಕಾಗುಣಿತ ಬದಲಿಸಿ ನೋಡಿದೆ. ಇಲ್ಲ. ಆ ರೆಪೊವನ್ನೇ ನೇರವಾಗಿ ತೆರೆದು, ಆ ದನಿಯ ಎದುರಿಗಿದ್ದ ಸಾಲನ್ನು ಹುಡುಕಿ ಓದಿದೆ. ಅಲ್ಲಿ ಇದ್ದದ್ದು: 'ಮಗು, ಕೈ ತೊಳೆದುಕೊಂಡು ಬಾ, ಬಿಸಿ ರೊಟ್ಟಿ ಇದೆ.' ಒತ್ತಿ ಕೇಳಿದರೆ ದನಿ ಮಾತ್ರ ಚಿಗಳವ್ವಾ ಎಂದೇ ಕರೆಯಿತು. ಓದಲು ಕೊಟ್ಟ ವಾಕ್ಯವನ್ನು ಅಕ್ಕ ತನ್ನ ಮಾತಿನಲ್ಲಿ ತಿರುಗಿಸಿ ಹೇಳಿದ್ದಾಳೆ, ಅಷ್ಟೇ. ಅವಳು ಹಾಗೆ ಮಾಡುವವಳೇ. ಆದರೆ ಹುಡುಕುವ ವ್ಯವಸ್ಥೆಗೆ ಕಿವಿಯಿಲ್ಲ. ಅದು ಬರೆದದ್ದನ್ನು ಮಾತ್ರ ನೋಡುತ್ತದೆ. ಬರೆದ ಸಾಲಿನಲ್ಲಿ ಚಿಗಳವ್ವ ಎಂಬ ಪದವೇ ಇಲ್ಲದಿದ್ದರೆ ಅದು ಸಿಕ್ಕದ್ದು ಹೇಗೆ?

ಇಂಥ ರೆಪೊಗಳಲ್ಲಿ ಯಾರು ಯಾವಾಗ ಯಾವ ಅಕ್ಷರ ಬದಲಿಸಿದರೂ ಅದರ ಗುರುತು ಉಳಿಯುತ್ತದೆ. ಆ ಗುರುತುಗಳನ್ನೆಲ್ಲ ಮೊದಲಿನಿಂದ ನೋಡಿದೆ. ಆ ಸಾಲನ್ನು ಯಾರೂ ಎಂದೂ ಮುಟ್ಟಿರಲಿಲ್ಲ. ರೆಪೊ ಇಟ್ಟ ವಿದ್ಯಾರ್ಥಿಗಳಿಗೆ ಬರೆದೆ. ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಳು. ಓದಿದವರ ಹೆಸರುಗಳನ್ನು ತಾವು ಇಟ್ಟುಕೊಂಡಿಲ್ಲ, ಸಾಲು ಮೊದಲಿನಿಂದಲೂ ಹಾಗೆಯೇ ಇದೆ, ಬೇಕಿದ್ದರೆ ಆ ದನಿಯನ್ನು ತೆಗೆದುಹಾಕುತ್ತೇವೆ ಎಂದಳು. ಬೇಡ ಎಂದೆ.

ನನ್ನ ಕಣ್ಣೇ ಮೋಸ ಮಾಡಿತೇ ಎಂದು ಸುಮಾಳನ್ನು ಕೇಳಿದೆ. "ಹಳದಿ ಬಣ್ಣ ಇತ್ತಲ್ರಿ ಮಾಮಾ," ಎಂದಳು. "ನಾನ ಓದೀನಿ. ಓದಿದ ಮ್ಯಾಲೇನ ನಿಮ್ಮನ್ನ ಕೇಳಿದ್ದು." ಆ ಹೊತ್ತಿನಲ್ಲಿ ಪರದೆಯ ಚಿತ್ರ ತೆಗೆದಿಡಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಹೊಳೆಯುವ ಹೊತ್ತೂ ಅದಾಗಿರಲಿಲ್ಲ.

ಕಡೆಗೆ, ಅದು ಅಕ್ಕನ ದನಿಯೇ ಹೌದೋ ಅಲ್ಲವೋ ಎಂಬುದನ್ನಾದರೂ ಗಟ್ಟಿ ಮಾಡಿಕೊಳ್ಳೋಣವೆಂದುಕೊಂಡೆ. ಸುಮಾಳ ಮದುವೆಯ ವಿಡಿಯೊದಲ್ಲಿ ಒಂದು ಕಡೆ ಅಕ್ಕ "ಊಟಾ ಆತೇನ್ರಿ, ನಾಚಬ್ಯಾಡ್ರಿ, ಕುಂದರ್ರಿ" ಎನ್ನುವುದು ವಾದ್ಯದ ನಡುವೆ ಕೇಳುತ್ತದೆ. ನಮ್ಮ ಆಫೀಸಿನಲ್ಲಿ ದನಿಗಳ ಮೇಲೆ ಕೆಲಸ ಮಾಡುವ ತೆಲುಗು ಗೆಳತಿಯೊಬ್ಬಳಿದ್ದಾಳೆ. ಅವಳಿಗೆ ಎರಡನ್ನೂ ಕೊಟ್ಟೆ, ಕಥೆ ಹೇಳಲಿಲ್ಲ. ಅವಳು ನೋಡಿ, ಕೇಳಿ, ಎರಡೂ ಒಬ್ಬರದೇ ದನಿ ಇರಬಹುದು, ಆದರೆ ಇಷ್ಟು ಸಣ್ಣ ತುಣುಕಿನಿಂದ ಖಂಡಿತವಾಗಿ ಹೇಳಲಾಗದು ಎಂದಳು. ವಿಜ್ಞಾನ ಹೇಳಬಹುದಾದದ್ದು ಅಷ್ಟೇ ಇದ್ದೀತು. ಆ ಲೊಚಗುಟ್ಟುವ ಸದ್ದನ್ನು ಬಾಲ್ಯದಿಂದ ಕೇಳಿದವನು ನಾನು. ನನಗೆ ಸಂಶಯವಿಲ್ಲ. ಸಂಶಯವಿಲ್ಲ ಎನ್ನುವುದು ಪುರಾವೆಯಲ್ಲ ಎಂಬುದೂ ನನಗೆ ಗೊತ್ತು.

ಆ ತುಣುಕನ್ನು ಅಕ್ಕನ ಫೋನಿಗೆ ಹಾಕಿಕೊಟ್ಟೆ. ಅದನ್ನು ಮಾದರಿಯಾಗಿ ಇಟ್ಟುಕೊಂಡು ಎಲ್ಲ ಮಾತನ್ನೂ ಅವಳ ದನಿಯಲ್ಲೇ ಆಡಿಸುವ ಹಾಗೆ ಮಾಡಬಹುದೇನೋ ಎಂದೂ ಹೇಳಿದೆ. ಅವಳು ಬಹಳ ಯೋಚಿಸಿ ಬೇಡವೆಂದು ಬರೆದಳು. ಕಾರಣ ಬರೆಯಲಿಲ್ಲ.  ಮಗುವಿಗೆ ಅದರ ಅಗತ್ಯವೂ ಬೀಳಲಿಲ್ಲ. ಆ ಮಧ್ಯಾಹ್ನದಿಂದ ಅದು ಅಜ್ಜಿಯ ಮಗ್ಗುಲಲ್ಲೇ ಬೆಳೆಯಿತು. ಪಾಟಿಯ ಮೇಲೆ ಅಕ್ಕ ಬರೆಯುವುದನ್ನು ನೋಡಿ ನೋಡಿಯೇ, ತೆಲುಗು ನಾಡಿನ ಶಾಲೆಗೆ ಹೋಗುವ ಆ ಹುಡುಗಿ ಕನ್ನಡ ಅಕ್ಷರ ಕಲಿತಳು.

ಇದೆಲ್ಲ ಆಗಿ ಕೆಲವು ವರ್ಷ ಸಂದವು. ಆಗೊಮ್ಮೆ ಈಗೊಮ್ಮೆ ನಾನು ಆಫೀಸಿನಲ್ಲಿ ಕೈ ಬಿಡುವಾದಾಗ ಆ ಪದವನ್ನು ಹುಡುಕುತ್ತೇನೆ. ಸಿಗುವುದಿಲ್ಲ. ಹುಡುಕುವ ವ್ಯವಸ್ಥೆಯಲ್ಲಿ ಆ ದಿನ ಏನೋ ದೋಷವಿತ್ತು ಎನ್ನಬಹುದು. ಇಂಥ ಅಕ್ಷರಗಳನ್ನೇ ಜೋಡಿಸುವ ದೋಷ ಯಾವುದಿದ್ದೀತು ಎಂದು ಮಾತ್ರ ನನಗೆ ಹೇಳಲು ಬರುವುದಿಲ್ಲ. ಇನ್ನು ಆ ಮಗು ಲ್ಯಾಪ್‌ಟಾಪನ್ನು ದಾಟಿ ಅಜ್ಜಿಯ ಬಳಿಗೇ ಏಕೆ ಹೋಯಿತು ಎಂಬುದಕ್ಕೆ ಅದೂ ಉತ್ತರವಲ್ಲ.

ಕಳೆದ ಸಲ ಹೋದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಮಾತಾಡುತ್ತಿದ್ದೆ. ಅವಳ ಕಡೆಯಿಂದ ನಾಲಿಗೆ ಲೊಚಗುಟ್ಟಿದ ಸದ್ದೂ ಬಂದಿರಲಿಲ್ಲ. ಫೋನು ಎಂದಿನಂತೆ ಹಿಟ್ಟಿನ ಡಬ್ಬಿಯ ಹಿಂದೆ ಇತ್ತು; ಆಫ್ ಆಗಿತ್ತು, ನಾನೇ ಚಾರ್ಜಿಗೆ ಹಾಕಲು ತೆಗೆದಾಗ ನೋಡಿದೆ. ಮಹಡಿಯ ಮೇಲೆ ಗೆಳತಿಯರ ಜೊತೆ ಆಡುತ್ತಿದ್ದ ಹುಡುಗಿ ದಡದಡ ಇಳಿದು ಬಂದು, ನಲ್ಲಿಯಲ್ಲಿ ಕೈ ತೊಳೆದು, ಒಲೆಯ ಪಕ್ಕ ಕೂತಳು.

"ಈಗ ಊಟಕ್ಕ ಬಾ ಅಂತ ಯಾರ ಹೇಳಿದ್ರವ್ವಾ ನಿನಗ?" ಎಂದು ಕೇಳಿದೆ.

"ಆಯಿ ಕರದ್ಳಲ್ಲ," ಎಂದಳು, ಇದೇನು ಕೇಳುವ ಮಾತೇ ಎಂಬಂತೆ.

ಅಕ್ಕನ ಮುಖ ನೋಡಿದೆ. ಅವಳು ಹೌದೆಂದು ತಲೆಯಾಡಿಸಿ, ಹಂಚಿನ ಮೇಲಿನ ರೊಟ್ಟಿಯನ್ನು ತಟ್ಟೆಗೆ ಹಾಕಿದಳು.